ಐಸಿಪಿ ಪರಿಶೀಲನೆ: ದಾವಣಗೆರೆಯಲ್ಲಿ ನಾನು ಮಾಡಿದ ರೀತಿ

ಹೊರಗಿನವರು ಬಂದು ಐಸಿಪಿ (ಮಕ್ಕಳ ಪಾಲನಾ ಸಂಸ್ಥೆಯಲ್ಲಿರುವ ಪ್ರತಿ ಮಗುವಿಗೂ ಬರೆಯುವ ವೈಯಕ್ತಿಕ ಪಾಲನಾ ಯೋಜನೆ) ನೋಡಿದರೆ ಏನೂ ಬದಲಾಗಲ್ಲ ಅಂತ ಹೇಳಿದವರೇ ಜಾಸ್ತಿ. ಈಗ ಅವರಲ್ಲೇ ಕೆಲವರು ನನ್ನ ಹಾಳೆ ಕೇಳಿ ಪಡೆದಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಈ ಸಂಸ್ಥೆಗಳ ತಪಾಸಣಾ ಸಮಿತಿಯ ಸದಸ್ಯೆ, ಸಂಬಳ ಇಲ್ಲ. ಬಾಲನ್ಯಾಯ ಕಾಯ್ದೆಯ 54ನೇ ಕಲಂ ಪ್ರಕಾರ ಮೂರು ತಿಂಗಳಿಗೊಮ್ಮೆ ಹೋಗಲೇಬೇಕು. ವರದಿಯಲ್ಲಿ ಶೌಚಾಲಯ, ಅಡುಗೆಮನೆ, ಹಾಸಿಗೆ ಎಲ್ಲ ಬರುತ್ತೆ. ಮಗುವಿನ ಯೋಜನೆಗೆ ಒಂದೇ ಸಾಲು: ‘ಐಸಿಪಿ ಇದೆ’.

ಮೊದಲು ಐಸಿಪಿ ಬರೆಯುವ ನಮೂನೆ 7ನ್ನೆಲ್ಲ ಹೆಸರಿಲ್ಲದೆ, ಬರೀ ನಂಬರ್ ಹಾಕಿ ಎಕ್ಸೆಲ್‌ಗೆ ತಂದೆ. ಹಳೇ ಲ್ಯಾಪ್‌ಟಾಪ್ ರಿಪೇರಿಗೇ ಆರು ಸಾವಿರದ ಹತ್ತಿರ ಹೋಯಿತು. ಆದರೆ ಆ ಎಕ್ಸೆಲ್ ಶೀಟ್ ಕೆಲಸಕ್ಕೆ ಬರಲಿಲ್ಲ. ‘ಆಪ್ತಸಮಾಲೋಚನೆ ನೀಡಲಾಗುವುದು’ ಅನ್ನೋ ಸಾಲು, ಅದೇ ಕಾಗುಣಿತ ತಪ್ಪಿನ ಜೊತೆ, ಮಗುವಿನಿಂದ ಮಗುವಿಗೆ ನಕಲಾಗಿತ್ತು. ಖಾನೆ ತುಂಬಿದೆ ಅಂತ ನನ್ನ ಶೀಟ್ ಪೂರ್ತಿ ಹಸಿರು!

ಆಮೇಲೆ ಇಂಗ್ಲೆಂಡಿನ ಪದ್ಧತಿ ಓದಿದೆ. ಅಲ್ಲಿ ಸ್ವತಂತ್ರ ಪರಿಶೀಲನಾಧಿಕಾರಿ ಅಂತಲೇ ಇದ್ದಾರೆ. ಮಗು ಬಂದ 20 ಕೆಲಸದ ದಿನದೊಳಗೆ ಮೊದಲ ಪರಿಶೀಲನೆ, ಮತ್ತೆ ಮೂರು ತಿಂಗಳೊಳಗೆ, ನಂತರ ಆರು ತಿಂಗಳಿಗೊಮ್ಮೆ. ಸಭೆಗೆ ಮುಂಚೆ ಅವರು ಮಗುವಿನ ಜೊತೆ ಪ್ರತ್ಯೇಕವಾಗಿ ಮಾತಾಡಬೇಕು. ನಮ್ಮಲ್ಲಿ ಆ ಹುದ್ದೆ ಇಲ್ಲ, ನಾನು ಆ ಮಾತಾಡುವ ಭಾಗವನ್ನಷ್ಟೇ ತಗೊಂಡೆ.

ಸಿಡಬ್ಲ್ಯುಸಿಯಿಂದ (ಮಕ್ಕಳ ಕಲ್ಯಾಣ ಸಮಿತಿ) ಲಿಖಿತ ಅನುಮತಿ ಪಡೆದು ತಿಂಗಳಿಗೊಮ್ಮೆ ಹೋಗತೊಡಗಿದೆ. ಮೊದಲು ಮಗು, ಫೈಲ್ ಕೊನೆಗೆ. ನಮೂನೆಯಲ್ಲಿ ಮಗುವಿನ ನಿರೀಕ್ಷೆ ಬರೆಯುವ ಖಾನೆ ಇದೆಯಲ್ಲ, ಅಲ್ಲಿಂದಲೇ ಶುರು. ಮಗುವಿಗೆ ಕೊಟ್ಟ ಪ್ರತಿ ಮಾತಿಗೂ ಹಾಳೆಯಲ್ಲಿ ಒಂದು ಸಾಲು: ಯಾರು ಮಾಡ್ತಾರೆ, ಯಾವ ತಾರೀಖಿಗೆ. ಆ ಹಾಳೆ ಸಿಡಬ್ಲ್ಯುಸಿಗೆ. ತಾರೀಖು ಅವರ ಆದೇಶದೊಳಗೆ ಬಂದ ಮೇಲೆ ನೋಡಿ ಕೆಲಸ ಓಡಿದ್ದು. ಮಾತು ಹೇಗೆ ಶುರು ಮಾಡ್ತೀನಿ ಅಂತ ಮಾತ್ರ ಬರೆಯಲ್ಲ, ಗೊತ್ತಾದರೆ ಸಂಸ್ಥೆಯವರು ಮಕ್ಕಳಿಗೆ ಮೊದಲೇ ಉತ್ತರ ಕಲಿಸಿಬಿಡ್ತಾರೆ.

ಒಬ್ಬ ಹುಡುಗಿ ಅಜ್ಜಿ ಮನೆಗೆ ಹೋಗಬೇಕು ಅಂತಿದ್ದಳು. ಫೈಲಿನಲ್ಲಿ ‘ಕುಟುಂಬ ಸಿದ್ಧವಿಲ್ಲ’. ಅಜ್ಜಿಯನ್ನು ಕೇಳಿದರೆ ಅವರಿಗೆ ಸಾಕುವ ಖರ್ಚಿನದೇ ಚಿಂತೆ. ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅನ್ನೋ ನೆರವು ತಿಂಗಳಿಗೆ 4,000 ರೂಪಾಯಿ ಇದೆ ಅಂತ ಆ ಮನೆಗೆ ಯಾರೂ ಹೇಳಿರಲಿಲ್ಲ! ಬ್ಯಾಂಕ್ ಖಾತೆ ತೆರೆಸಿದೆವು, ಒಂದೆರಡು ತಿಂಗಳಲ್ಲಿ ಹುಡುಗಿ ಮನೆ ಸೇರಿದಳು.

ಸುಮ್ನೆ ಇನ್ನೊಂದು ಪ್ರಯೋಗವೂ ಮಾಡಿದೆ. 18 ತುಂಬಿ ಹೊರಗೆ ಹೋಗಿ ಹರಿಹರದ ಕಡೆ ದುಡಿಯುತ್ತಿರುವ ಹುಡುಗರನ್ನು, ನಿಮ್ಮ ಯೋಜನೆಯಲ್ಲಿ ಏನಿರಬೇಕಿತ್ತು ಅಂತ ಕೇಳಿದೆ. ಹೆಚ್ಚಿನವರು ಹೇಳಿದ್ದು ಆಧಾರ್, ಜಾತಿ ಪ್ರಮಾಣಪತ್ರ, ಪಾಸ್‌ಬುಕ್. ಈಗ 16 ದಾಟಿದವರ ಹಾಳೆಯಲ್ಲಿ ಇವೇ ಮೊದಲ ಮೂರು ಸಾಲು.

ಖರ್ಚು ತಿಂಗಳಿಗೆ ಎಂಟುನೂರು, ಒಂಬೈನೂರು. ಸರ್ಕಾರಿ ಬಸ್ಸು ನಮಗೆ ಉಚಿತ, ಆದರೆ ಮನೆ ಭೇಟಿಗೆ ಹೋಗುವ ಹಳ್ಳಿಗಳಿಗೆ ಖಾಸಗಿ ಬಸ್ಸೇ ಗತಿ. ಉಳಿದದ್ದು ಜೆರಾಕ್ಸ್. ಖಾಲಿ ಹಾಳೆ ಬೇಕಾದವರು ಕೇಳಿ, ಕಳಿಸ್ತೀನಿ.