ಇ-ಕಾರಿಗೆ ಹೊಸ ಟೈರ್: ಬ್ರ್ಯಾಂಡ್ ಆಮೇಲೆ, ಪಕ್ಕೆಯ ಅಂಕಿ ಮೊದಲು

‘ಪೆಟ್ರೋಲ್ ಕಾರಿನ ಟೈರು ನಲವತ್ತು ಸಾವಿರ ಕಿಲೋಮೀಟರ್ ಬಂದಿತ್ತು, ಈ ಇ-ಕಾರಿನದು ಅರ್ಧಕ್ಕೇ ಬೋಳಾಯಿತಲ್ಲ’ ಎಂದು ಗೊಣಗುವವರು ಮೊದಲು ತಮ್ಮ ಬಲಗಾಲನ್ನು ವಿಚಾರಿಸಿಕೊಳ್ಳಬೇಕು. ಬಿವೈಡಿ ಕಂಪನಿಯ ಸೀಲ್ ಪರ್ಫಾರ್ಮೆನ್ಸ್ ಎಂಬ ಇ-ಕಾರನ್ನೇ ನೋಡಿ: 530 ಪಿಎಸ್ (ಅಶ್ವಶಕ್ತಿ), 670 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ), ಖಾಲಿ ಕಾರಿನ ತೂಕವೇ ಸುಮಾರು 2,185 ಕಿಲೊ. ಸಿಗ್ನಲ್ ಹಸಿರಾದಾಗ ಅಷ್ಟೂ ಬಲ ಅಂಗೈಯಗಲದ ನಾಲ್ಕು ರಬ್ಬರ್ ತುಂಡುಗಳಿಂದಲೇ ರಸ್ತೆಗಿಳಿಯಬೇಕು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮೋಟರು ಹಿಂದಕ್ಕೆಳೆದು ಬ್ಯಾಟರಿ ತುಂಬಿಸುತ್ತದೆ. ಆಗಲೂ ಸವೆಯುವುದು ಅದೇ ರಬ್ಬರು.

ಅಂಗಡಿಗೆ ಹೋಗುವ ಮುನ್ನ ಮನೆಯಲ್ಲೇ ಒಂದು ಕೆಲಸ ಮಾಡಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಟಾರ್ಚ್ ಹಿಡಿದು ಟೈರಿನ ಒಳ ಅಂಚನ್ನು ನೋಡಿ. ಹಿಂದಿನ ಟೈರಿಗಾದರೆ ನೆಲಕ್ಕೆ ಬಗ್ಗಲೇಬೇಕು. ಹೊರಗಿನಿಂದ ಚೆನ್ನಾಗಿ ಕಾಣುವ ಟೈರು ಒಳಗಡೆ ನುಣ್ಣಗಾಗಿದ್ದರೆ ದೋಷ ಚಕ್ರಗಳ ಅಲೈನ್‌ಮೆಂಟ್‌ನಲ್ಲಿ, ಅಂದರೆ ಚಕ್ರಗಳು ನಿಂತಿರುವ ಕೋನದಲ್ಲಿ, ಇರುವ ಸಂಭವ ಹೆಚ್ಚು. ಅದನ್ನು ಸರಿಪಡಿಸದಿದ್ದರೆ ಹೊಸ ಟೈರೂ ಅದೇ ದಾರಿ ಹಿಡಿಯುತ್ತದೆ. ಟೈರಿನ ಮೈಮೇಲಿನ ಗೀರಿನ ಆಳ 1.6 ಮಿ.ಮೀ.ಗೆ ಇಳಿಯುವವರೆಗೂ ಕಾನೂನು ಸುಮ್ಮನಿರುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿಯುವವರು ಮಾತ್ರ ಅಷ್ಟು ಕಾಯಬಾರದು, 3 ಮಿ.ಮೀ.ಗೇ ಬದಲಿಸುವುದು ಒಳ್ಳೆಯದು.

ಇನ್ನು ಟೈರಿನ ಪಕ್ಕೆಯ ಮೇಲಿನ ಬರಹ. 235/45 ಆರ್19 ಎಂಬ ಅಳತೆಯನ್ನು ಎಲ್ಲರೂ ಓದುತ್ತಾರೆ. ಅದರ ಮುಂದಿರುವ ‘99 ಡಬ್ಲ್ಯೂ’ ಎಂಬುದರ ಮೇಲೆ ಕಣ್ಣೇ ಹೋಗುವುದಿಲ್ಲ. ಡಬ್ಲ್ಯೂ ಎಂದರೆ ಗಂಟೆಗೆ 270 ಕಿ.ಮೀ. ವೇಗ ತಾಳುತ್ತದೆ ಎಂದು. 100 ಕಿ.ಮೀ. ಮಿತಿಯ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಅದು ಅಲಂಕಾರವೆನಿಸಬಹುದು. ಆದರೂ ಕಂಪನಿ ಹೇಳಿದ್ದಕ್ಕಿಂತ ಕೆಳಗಿಳಿಯಬೇಡಿ. ನಿಜವಾಗಿ ಮುಖ್ಯವಾದದ್ದು ಆ 99. ಅದು ಭಾರ ಹೊರುವ ಸೂಚ್ಯಂಕ: ಒಂದು ಟೈರಿಗೆ 775 ಕಿಲೊ. 95 ಎಂದಿದ್ದರೆ 690 ಕಿಲೊ ಮಾತ್ರ.

ಕಳೆದ ವರ್ಷ ನೆಂಟರೊಬ್ಬರ ಜೊತೆ ಟೈರ್ ಅಂಗಡಿಗೆ ಹೋಗಿದ್ದೆ. ಬೇಕಿದ್ದದ್ದು 99, ತಂದಿಟ್ಟದ್ದು 95. ‘ಸೈಜ್ ಒಂದೇ ಸಾರ್, ಕಂಪನಿ ಇನ್ನೂ ದೊಡ್ಡದು’ ಎಂದರು ಅಂಗಡಿಯವರು. ಅಲ್ಲೇ ಬಿಲ್ಲಿನ ಬೆನ್ನ ಮೇಲೆ ಸೀಲ್‌ನಂಥ ಕಾರಿನ ಲೆಕ್ಕ ಹಾಕಿದೆವು. ಕಾರು 2,185, ಐವರು 350, ಡಿಕ್ಕಿಯಲ್ಲಿ 60; ಒಟ್ಟು 2,595 ಕಿಲೊ. ನಾಲ್ಕರಿಂದ ಭಾಗಿಸಿದರೆ ಟೈರಿಗೆ ಸುಮಾರು 650. ‘ಸಾಕಲ್ಲ?’ ಎಂದರು ಅವರು. ಆದರೆ ಭಾರ ನಾಲ್ಕು ಚಕ್ರಗಳಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಬ್ರೇಕ್ ಒತ್ತಿದಾಗ ಮುಂದಕ್ಕೆ, ತಿರುವಿನಲ್ಲಿ ಹೊರಗಿನ ಚಕ್ರದ ಮೇಲೆ ವಾಲುತ್ತದೆ. ನಮ್ಮ ರಸ್ತೆಗುಂಡಿಗಳ ಪೆಟ್ಟು ಬೇರೆ. 95ನ್ನು ವಾಪಸ್ ಒಳಗಿಡಿಸಿದೆವು.

ಇಂಥ ಹೆಚ್ಚು ಭಾರದ ಟೈರುಗಳ ಮೇಲೆ ಎಕ್ಸ್‌ಎಲ್ (ಎಕ್ಸ್‌ಟ್ರಾ ಲೋಡ್) ಎಂದಿರುತ್ತದೆ. ಇನ್ನೂ ಗಟ್ಟಿಯಾದ ಎಚ್‌ಎಲ್ (ಹೈ ಲೋಡ್) ಗುರುತೂ ಈಗ ಬಂದಿದೆ. ಒಂದು ಸೂಕ್ಷ್ಮವಿದೆ: ಎಕ್ಸ್‌ಎಲ್ ಟೈರು ತನ್ನ ಪೂರ್ಣ ಭಾರ ಹೊರುವುದು ಗಾಳಿಯ ಒತ್ತಡ 42 ಪಿಎಸ್‌ಐ ಇದ್ದಾಗ. ಪೆಟ್ರೋಲ್ ಬಂಕಿನ ಹುಡುಗ ರೂಢಿಯಂತೆ 32 ತುಂಬಿಸಿದರೆ ಗಟ್ಟಿ ಟೈರಿಗೆ ಕೊಟ್ಟ ಹಣ ಅಲ್ಲೇ ನೀರುಪಾಲು. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಅಂಕಿಯನ್ನೇ ತುಂಬಿಸಿ.

ಟೆಸ್ಲಾಗೆಂದೇ ಹೊಂದಿಸಿದ ಟೈರಿನ ಮೇಲೆ ಟಿ0, ಪೋರ್ಶೆಯ ಟೈಕಾನ್‌ಗಾದರೆ ಎನ್‌ಎಫ್0 ಎಂಬಂಥ ಗುರುತುಗಳಿರುತ್ತವೆ. ನಿಮ್ಮ ಕಾರಿಗೆ ಅಂಥದ್ದಿದ್ದರೆ ಅದನ್ನೇ ಕೇಳಿ. ಬರೀ ‘ಇವಿ’ (ಎಲೆಕ್ಟ್ರಿಕ್ ವಾಹನ) ಎಂದು ಅಚ್ಚೊತ್ತಿದ್ದಕ್ಕೆ ಮರುಳಾಗಬೇಡಿ. ಅದು ಒಂದೊಂದು ಕಂಪನಿಯಲ್ಲಿ ಒಂದೊಂದು ಅರ್ಥ.

ಆಮೇಲೆ ಆಯ್ಕೆ. ಹಿಡಿತ, ರೇಂಜ್ (ಒಂದು ಚಾರ್ಜಿಗೆ ಓಡುವ ದೂರ), ನಿಶ್ಶಬ್ದ, ಬಾಳಿಕೆ ನಾಲ್ಕೂ ಬೇಕೆಂದರೆ ಆಗದ ಮಾತು. ರಸ್ತೆಗೆ ಅಂಟುವ ಸ್ಪೋರ್ಟ್ ಟೈರು ಬೇಗ ಸವೆಯುತ್ತದೆ, ಚಾರ್ಜನ್ನೂ ತಿನ್ನುತ್ತದೆ. ಹಗುರಾಗಿ ಉರುಳುವ ಟೈರು ಕಿಲೋಮೀಟರ್ ಉಳಿಸುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಕೆಲವೊಮ್ಮೆ ಅದರ ಬೆಲೆ ತೆರಬೇಕಾಗುತ್ತದೆ. ನನ್ನ ಮತ ಒದ್ದೆ ರಸ್ತೆಯ ಹಿಡಿತಕ್ಕೆ. ರೇಂಜ್ ಕಡಿಮೆಯಾದರೆ ಇನ್ನೊಂದು ಕಾಫಿ ಕುಡಿಯುವಷ್ಟು ಹೊತ್ತು ಚಾರ್ಜ್ ಮಾಡಿದರಾಯಿತು.

ಎಂಜಿನ್ ಸದ್ದಿಲ್ಲದ ಕಾರಿನಲ್ಲಿ ಟೈರಿನ ಗುಂಯ್‌ಗುಡುವಿಕೆ ಎದ್ದು ಕೇಳುತ್ತದೆ. ಅದಕ್ಕೆಂದೇ ಕೆಲವು ಟೈರುಗಳ ಒಳಮೈಗೆ ಸ್ಪಂಜಿನ ಪಟ್ಟಿ ಅಂಟಿಸಿರುತ್ತಾರೆ. ಪಂಕ್ಚರ್ ಆದರೆ ಸ್ಪಂಜನ್ನು ಅಷ್ಟಗಲ ಕತ್ತರಿಸಿ ತೆಗೆದು ಒಳಗಿನಿಂದ ತೇಪೆ ಹಾಕಬೇಕು. ಹೆದ್ದಾರಿ ಬದಿಯ ಅಂಗಡಿಯಲ್ಲಿ ಆ ಕೆಲಸ ಬಲ್ಲವರು ಅಪರೂಪ. ಊರೂರು ಸುತ್ತುವವರು ಇದನ್ನೂ ಯೋಚಿಸಿ.

ಪಕ್ಕೆಯ ಮೇಲಿನ ನಾಲ್ಕಂಕಿ ತಯಾರಿಕೆಯ ದಿನಾಂಕ: 2325 ಎಂದರೆ 2025ರ 23ನೇ ವಾರ. ವರ್ಷ ಮೀರಿದ್ದನ್ನು ನಾನಾದರೆ ಒಲ್ಲೆ. ಎರಡನ್ನೇ ಬದಲಿಸುವುದಾದರೆ ಉಳಿದೆರಡರ ಮಾದರಿಯನ್ನೇ ಕೊಳ್ಳಿ, ಮುಂದೆ ಹಿಂದೆ ಒಂದೇ ಅಳತೆಯಿದ್ದರೆ ಹೊಸತನ್ನು ಹಿಂದಕ್ಕೆ ಹಾಕಿಸಿ. ಒದ್ದೆಯಲ್ಲಿ ಹಿಂಬದಿ ಜಾರಿದರೆ ಕಾರು ಕೈಗೆ ಸಿಗುವುದಿಲ್ಲ.

ಟೈರು ಹಾಕುವಾಗ ಪಕ್ಕದಲ್ಲೇ ನಿಂತಿರಿ. ಕಾರಿನ ಹೊಟ್ಟೆಯಡಿ ಇರುವುದು ಬ್ಯಾಟರಿ. ಜಾಕನ್ನು ಕೈಪಿಡಿ ತೋರಿಸಿದ ಬಿಂದುವಿಗೇ ಕೊಡಬೇಕು, ಒಂದು ಅಂಗುಲವೂ ಆಚೀಚೆ ಆಗಬಾರದು. ಹೊರಟ ಮೇಲೆ ಮೊದಲ ಮುನ್ನೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ. ಅದೇ ಮಾದರಿ ಹಾಕಿಸಿದರೂ ರೇಂಜ್ ಸ್ವಲ್ಪ ಇಳಿದಂತೆ ಕಂಡೀತು. ಹಳೆಯ ಬೋಳು ಟೈರಿಗಿಂತ ತುಂಬು ಗೀರಿನ ಹೊಸ ಟೈರು ಉರುಳಲು ಹೆಚ್ಚು ಶಕ್ತಿ ಕೇಳುತ್ತದೆ. ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ.