ಡೀಪ್ ಸೋಲ್ ಸಿಂಗಲ್‌ಗಳ ರೀಇಶ್ಯೂ: ಕೊಳ್ಳುವ ಮುನ್ನ ಏನು ನೋಡಬೇಕು, ತಂದ ಮೇಲೆ ಹೇಗೆ ನುಡಿಸಬೇಕು

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ 1960ರ ದಶಕದಲ್ಲಿ, ಚರ್ಚಿನ ಹಾಡುಗಾರಿಕೆಯಲ್ಲಿ ಪಳಗಿದ ದನಿಗಳು ಹಾಡಿದ ನಿಧಾನಗತಿಯ, ಎದೆ ಹಿಂಡುವ ಹಾಡುಗಳೇ ಡೀಪ್ ಸೋಲ್. ಮೆಂಫಿಸ್‌ನ ಗೋಲ್ಡ್‌ವ್ಯಾಕ್ಸ್, ಮಸಲ್ ಶೋಲ್ಸ್‌ನ ಫೇಮ್, ನ್ಯಾಶ್‌ವಿಲ್‌ನ ಸೌಂಡ್ ಸ್ಟೇಜ್ 7 ಎಂಬ ರೆಕಾರ್ಡ್ ಕಂಪನಿಗಳು ಒಂದಿಷ್ಟು ಹೆಸರು ಮಾಡಿದವು. ಅವಕ್ಕಿಂತ ಚಿಕ್ಕ ಕಂಪನಿಗಳು ಒಂದೆರಡು ಸಿಂಗಲ್ (ಬದಿಗೊಂದು ಹಾಡಿನ 7 ಇಂಚಿನ ರೆಕಾರ್ಡು) ತಂದು ಬಾಗಿಲು ಹಾಕಿಕೊಂಡವು. ಹಾಡಿದವರ ಹೆಸರು ಊರಾಚೆ ಹೋಗಲಿಲ್ಲ. ಇಂದು ಆ ಮೂಲ ಪ್ರತಿಗಳ ಬೆಲೆ ಸಾಮಾನ್ಯರ ಕೈಗೆ ಎಟುಕುವಂಥದ್ದಲ್ಲ, ಹಾಗಾಗಿ ಅವನ್ನೇ ಈಗ ಮತ್ತೆ ಒತ್ತಿ ತರುವ ರೀಇಶ್ಯೂಗಳಿಗೆ ಬೇಡಿಕೆ.

ರೀಇಶ್ಯೂ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಎರಡೇ: ಯಾರ ಅನುಮತಿಯಿಂದ ಒತ್ತಿದ್ದಾರೆ, ಯಾವುದರಿಂದ ಒತ್ತಿದ್ದಾರೆ. ಹೊಳೆಯುವ ಕವರು, ಬಣ್ಣದ ವಿನೈಲು, 'ಸೀಮಿತ ಪ್ರತಿ' ಎಂಬ ಚೀಟಿ ಇವೆಲ್ಲ ಆಮೇಲಿನ ಮಾತು.

ಮೊದಲು ಅನುಮತಿ. ಯುರೋಪಿನಲ್ಲಿ 1962ರವರೆಗೆ ಬಿಡುಗಡೆಯಾದ ಧ್ವನಿಮುದ್ರಣಗಳ ಹಕ್ಕಿನ ಅವಧಿ ಮುಗಿದಿದೆ. 1963ರಿಂದ ಈಚಿನವಕ್ಕೆ ಅವಧಿಯನ್ನು 70 ವರ್ಷಕ್ಕೆ ಏರಿಸಿದ್ದಾರೆ. ಡೀಪ್ ಸೋಲ್‌ನ ಮುಖ್ಯ ಫಸಲು ಬಂದದ್ದೇ 1964ರ ನಂತರ. ಆದ್ದರಿಂದ 1966ರ ಸಿಂಗಲ್ಲನ್ನು ಮಾರುವವರು 'ಇದು ಹಕ್ಕುಮುಕ್ತ' ಎಂದರೆ ನಂಬಬೇಡಿ. ಲೇಬಲ್ ಮೇಲೆ ಯಾರಿಂದ ಲೈಸೆನ್ಸ್ ಪಡೆದದ್ದು ಎಂಬ ಸಾಲು, ಈಗಿನ ಕಂಪನಿಯ ಹೆಸರು, ಹೊಸ ಕ್ಯಾಟಲಾಗ್ ಸಂಖ್ಯೆ ಇರಬೇಕು. ಲಂಡನ್ನಿನ ಏಸ್ ರೆಕಾರ್ಡ್ಸ್‌ನ ಕೆಂಟ್, ಶಿಕಾಗೊದ ನ್ಯೂಮೆರೊ ಗ್ರೂಪ್ ಮುಂತಾದ ರೀಇಶ್ಯೂ ಕಂಪನಿಗಳು ಈ ವಿವರಗಳನ್ನು ಮುಚ್ಚಿಡದೆ ಅಚ್ಚು ಹಾಕುತ್ತವೆ. ಮೂಲ ಲೇಬಲ್ಲನ್ನೇ ಪಡಿಯಚ್ಚಾಗಿ ಹಾಕಿ, ಹೊಸ ವಿವರ ಒಂದೂ ಕೊಡದ ಪ್ರತಿಯ ಬಗ್ಗೆ ಎಚ್ಚರವಿರಲಿ.

ಅಂಥ ಕಳ್ಳಪ್ರತಿಯನ್ನೇ 'ಒರಿಜಿನಲ್' ಎಂದು ಮಾರುವುದೂ ಉಂಟು. ಲೇಬಲ್ಲಿನ ಸಣ್ಣ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡಿ: ಹಳೆಯ ಪ್ರತಿಯಲ್ಲಿ ಅಂಚು ಚೂಪಾಗಿರುತ್ತದೆ, ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದರಲ್ಲಿ ಅಕ್ಷರ ಊದಿಕೊಂಡಂತೆ, ಬಣ್ಣ ಚುಕ್ಕಿಚುಕ್ಕಿಯಾಗಿ ಕಾಣುತ್ತದೆ. ಅಮೆರಿಕದ ಲೇಬಲ್ಲುಗಳಲ್ಲಿ ವೃತ್ತದೊಳಗಿನ 'ಪಿ' ಚಿಹ್ನೆ ಬಳಕೆಗೆ ಬಂದದ್ದು ಧ್ವನಿಮುದ್ರಣಕ್ಕೆ ಅಲ್ಲಿ ಕಾಪಿರೈಟ್ ಸಿಕ್ಕ 1972ರಿಂದ. 1967ರದ್ದು ಎನ್ನುವ ಅಮೆರಿಕನ್ ಸಿಂಗಲ್ಲಿನಲ್ಲಿ ಅದು ಕಂಡರೆ ಚೌಕಾಸಿಗೂ ನಿಲ್ಲಬೇಡಿ. ಬ್ರಿಟನ್ನಿನ ರೆಕಾರ್ಡುಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ಅಲ್ಲಿ ಚಿಹ್ನೆ ಮೊದಲೇ ಬಂದಿತ್ತು.

ಹಾಡು ಮುಗಿದ ಮೇಲೆ ಲೇಬಲ್ಲಿನವರೆಗೆ ಉಳಿಯುವ ನುಣುಪು ಪಟ್ಟಿಗೆ ಡೆಡ್ ವ್ಯಾಕ್ಸ್ ಎನ್ನುತ್ತಾರೆ. ರೆಕಾರ್ಡನ್ನು ದೀಪದ ಕೆಳಗೆ ಓರೆಯಾಗಿ ಹಿಡಿದರೆ ಅಲ್ಲಿ ಕೊರೆದ ಸಂಖ್ಯೆ ಕಾಣುತ್ತದೆ. ಹಳೆಯವುಗಳಲ್ಲಿ ಬೆಲ್ ಸೌಂಡ್, ನ್ಯಾಶ್‌ವಿಲ್ ಮ್ಯಾಟ್ರಿಕ್ಸ್ ಮುಂತಾದ, ಮಾಸ್ಟರ್ ತಯಾರಿಸುವ ಕಂಪನಿಗಳ ಮುದ್ರೆ ಸಿಗಬಹುದು. ಲಾಸ್ ಏಂಜಲೀಸ್‌ನ ಮೊನಾರ್ಕ್ ಕಾರ್ಖಾನೆಯ ಪ್ರತಿಯಲ್ಲಿ ತ್ರಿಕೋನ ಮತ್ತು ಅದರ ಪಕ್ಕ ಒಂದು ಸಂಖ್ಯೆ. ಆರಂಕಿ ಸಂಖ್ಯೆಯ ನಂತರ ಇಂಗ್ಲಿಷಿನ 'ಇ' ಅಕ್ಷರವಿದ್ದರೆ ಬಹುಪಾಲು ಅದು ಚೆಕ್ ದೇಶದ ಜಿ.ಝಡ್. ಮೀಡಿಯಾದಲ್ಲಿ ಒತ್ತಿದ ಈಚಿನ ಮಾಲು. ಮಾರುವವರಿಂದ ಎರಡೂ ಬದಿಯ ಡೆಡ್ ವ್ಯಾಕ್ಸ್ ಫೋಟೊ ತರಿಸಿಕೊಂಡು ಡಿಸ್ಕಾಗ್ಸ್ ಎಂಬ ರೆಕಾರ್ಡುಗಳ ಜಾಲತಾಣದಲ್ಲಿ ತಾಳೆ ನೋಡಿ. ಫೋಟೊ ಕೊಡಲು ಹಿಂದೆಮುಂದೆ ನೋಡಿದರೆ ಅದೇ ಉತ್ತರ.

ಇನ್ನು ಶಬ್ದದ ಮೂಲ. ಚಿಕ್ಕ ಕಂಪನಿಗಳ ಮಾಸ್ಟರ್ ಟೇಪು (ಮೂಲ ಧ್ವನಿಮುದ್ರಣದ ಟೇಪು) ಎಷ್ಟೋ ಕಡೆ ಉಳಿದೇ ಇಲ್ಲ. ಆಗ ಚೆನ್ನಾಗಿರುವ ಒಂದು ಸಿಂಗಲ್ಲಿನಿಂದಲೇ ನಕಲು ತೆಗೆಯುತ್ತಾರೆ. ಅದು ತಪ್ಪೇನಲ್ಲ, ಹೇಳಿ ಮಾಡಿದರೆ ಸಾಕು. ಪತ್ತೆ ಹಚ್ಚಲು ಹಾಡಿನ ನಡುಭಾಗ ಉಪಯೋಗಕ್ಕೆ ಬಾರದು, ಕೊನೆಯ ಹತ್ತು ಸೆಕೆಂಡು ಹೆಡ್‌ಫೋನಿನಲ್ಲಿ ಕೇಳಿ. ದನಿ ಇಳಿಯುತ್ತಾ ಹೋದಂತೆ ಹಿನ್ನೆಲೆಯ ಸದ್ದೂ ಇಳಿದರೆ ಟೇಪು ಇರಬಹುದು. ದನಿ ಮಾತ್ರ ಇಳಿದು ಚಟಪಟ ಹಾಗೇ ಉಳಿದರೆ ರೆಕಾರ್ಡಿನಿಂದ ತೆಗೆದದ್ದಿರಬಹುದು. ಆರ್ಗನ್ನಿನ ಇಳಿಯುವ ಕೊನೆಯ ಸ್ವರ ನೀರೊಳಗಿಂದ ಕೇಳಿದಂತೆ ಗುಳುಗುಳು ಎಂದರೆ ಕಂಪ್ಯೂಟರಿನಲ್ಲಿ ಸದ್ದನ್ನು ಅತಿಯಾಗಿ ಸೋಸಿದ್ದಾರೆ. ಇದು ಚಟಪಟಕ್ಕಿಂತ ಕೆಟ್ಟದ್ದು. ಚಟಪಟವನ್ನು ಕಿವಿ ಮರೆಯುತ್ತದೆ, ಇದನ್ನು ಮರೆಯುವುದಿಲ್ಲ.

'ಲೇತ್ ಕಟ್' ಎಂದಿದ್ದರೆ ಅದು ಅಚ್ಚಿನಲ್ಲಿ ಒತ್ತಿದ್ದಲ್ಲ, ಒಂದೊಂದಾಗಿ ಕೊರೆದದ್ದು. ಸದ್ದು ಸಾಮಾನ್ಯವಾಗಿ ಮೆತ್ತಗಿರುತ್ತದೆ. ಒತ್ತಿದ ರೆಕಾರ್ಡಿನ ಬೆಲೆ ಅದಕ್ಕೆ ಕೊಡಬೇಡಿ.

ವಿದೇಶದಿಂದ ತರಿಸುವವರು ನಾಲ್ಕಾರು ಸಿಂಗಲ್ ಕೂಡಿಸಿ ತರಿಸುವುದು ಲೇಸು. ಕಸ್ಟಮ್ಸ್ ಸುಂಕ ಸಾಗಣೆ ವೆಚ್ಚವನ್ನೂ ಸೇರಿಸಿದ ಮೊತ್ತದ ಮೇಲೆ ಬೀಳುತ್ತದೆ.

ನುಡಿಸುವಾಗ ಮೊದಲ ತೊಡಕು ನಡುವಿನ ತೂತು. ನಮ್ಮಲ್ಲಿ ಸಿನಿಮಾ ಹಾಡಿನ 7 ಇಂಚಿನ ಇ.ಪಿ.ಗಳೂ 45 ಆರ್‌ಪಿಎಮ್ಮೇ, ಆದರೆ ತೂತು ಸಣ್ಣದು. ಅಮೆರಿಕನ್ ಸಿಂಗಲ್ಲಿನದು ಒಂದೂವರೆ ಇಂಚು, ಅಂದರೆ 38 ಮಿ.ಮೀ. ತೂತು ತುಂಬುವ ಅಡಾಪ್ಟರ್ ಬೇಕು, ಲೋಹದ್ದೇ ಕೊಳ್ಳಿ. ಪ್ಲಾಸ್ಟಿಕ್ಕಿನದು ಸಡಿಲವಾದರೆ ರೆಕಾರ್ಡು ನಡು ತಪ್ಪಿ ತಿರುಗಿ, ಎಳೆದು ಹಿಡಿದ ಸ್ವರ ಓಲಾಡುತ್ತದೆ, ನಿಧಾನದ ಹಾಡಿನಲ್ಲಿ ಇದು ಎದ್ದು ಕೇಳುತ್ತದೆ. ಟೋನ್‌ಆರ್ಮ್ (ಮುಳ್ಳನ್ನು ಹಿಡಿದ ತೋಳು) ಪ್ರತಿ ಸುತ್ತಿಗೂ ಎಡಬಲ ತೂಗಿದರೆ ಇದೇ ಕಾರಣ. ಅಡಾಪ್ಟರ್ ಬದಲಿಸಿದರೂ ತೂಗಿದರೆ ಕಾರ್ಖಾನೆಯಲ್ಲೇ ತೂತು ತಪ್ಪಿದೆ, ವಾಪಸ್ ಕಳಿಸಿ. ಒಂದೇ ಸ್ಪೀಕರಿನಲ್ಲಿ ಪ್ರತಿ ಸುತ್ತಿಗೂ ಬಟ್ಟೆ ಹರಿದಂಥ ಸದ್ದು ಬಂದರೆ, ಒತ್ತುವಾಗ ವಿನೈಲು ಅಚ್ಚಿನೊಳಗೆ ಪೂರ್ತಿ ತುಂಬಿಲ್ಲ ಎಂದರ್ಥ. ಎಷ್ಟು ತೊಳೆದರೂ ಹೋಗದು.

ಇವು ಹೆಚ್ಚಾಗಿ ಮೋನೊ, ಅಂದರೆ ಎರಡೂ ಸ್ಪೀಕರಿಗೆ ಒಂದೇ ಸದ್ದು. ಆಂಪ್ಲಿಫೈಯರಿನಲ್ಲಿ ಮೋನೊ ಸ್ವಿಚ್ ಇದ್ದರೆ ಒತ್ತಿ, ಮುಳ್ಳು ಮೇಲೆಕೆಳಗೆ ಅಲುಗಿ ಹುಟ್ಟುವ ಸದ್ದೆಲ್ಲ ಕಳೆದುಹೋಗುತ್ತದೆ. ಮುಳ್ಳಿನ ಭಾರ ಕಾರ್ಟ್ರಿಜ್ (ಮುಳ್ಳು ಕೂರುವ ಭಾಗ) ತಯಾರಕರು ಹೇಳಿದಷ್ಟೇ ಇರಲಿ: ಆರ್ಟೊಫೋನ್ 2ಎಂ ರೆಡ್‌ಗೆ 1.8 ಗ್ರಾಂ, ಆಡಿಯೊ ಟೆಕ್ನಿಕಾ ವಿಎಂ95ಸಿಗೆ 2 ಗ್ರಾಂ. ಭಾರ ಕಡಿಮೆ ಮಾಡಿದರೆ ರೆಕಾರ್ಡು ಉಳಿಯುತ್ತದೆ ಎಂಬುದು ತಪ್ಪು ತಿಳುವಳಿಕೆ. ಜೋರಾಗಿ ಕೊರೆದ ಸಿಂಗಲ್ಲಿನಲ್ಲಿ ಹಗುರ ಮುಳ್ಳು ಎಗರಿ ಎಗರಿ ಗೀರನ್ನೇ ಕೆಡಿಸುತ್ತದೆ.

ಹೊಸ ರೆಕಾರ್ಡಿಗೂ ಕಾಗದದ ಧೂಳು ಅಂಟಿರುತ್ತದೆ. ಒಂದು ಲೀಟರು ಡಿಸ್ಟಿಲ್ಡ್ ನೀರಿಗೆ 100 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲ್, ಒಂದೆರಡು ಹನಿ ಸುಗಂಧವಿಲ್ಲದ ಪಾತ್ರೆ ತೊಳೆಯುವ ದ್ರವ. ಮೈಕ್ರೊಫೈಬರ್ ಬಟ್ಟೆಯಿಂದ ಗೀರಿನ ಗುಂಟ ಒರೆಸಿ, ಬರೀ ಡಿಸ್ಟಿಲ್ಡ್ ನೀರಿನಿಂದ ಮತ್ತೊಮ್ಮೆ ಒರೆಸಿ. ಲೇಬಲ್ ಒದ್ದೆಯಾಗಬಾರದು.

ಎಂದಾದರೂ ಮೂಲ ಪ್ರತಿಯೇ ಸಿಕ್ಕರೆ ಅದು ವಿನೈಲೋ ಸ್ಟೈರೀನೋ ನೋಡಿಕೊಳ್ಳಿ. ಸ್ಟೈರೀನ್ ಬಿರುಸಾದ ಪ್ಲಾಸ್ಟಿಕ್, ಬಾಗುವುದಿಲ್ಲ, ಲೇಬಲ್ ಮೇಲೆ ಅಂಟಿಸಿದಂತಿರುತ್ತದೆ. ಅದಕ್ಕೆ ಆಲ್ಕೊಹಾಲ್ ಬೇಡ, ಸವೆದ ಮುಳ್ಳು ಬೇಡವೇ ಬೇಡ, ಮುಳ್ಳು ಇಟ್ಟು ಹಿಂದಕ್ಕೆ ತಿರುಗಿಸುವುದಂತೂ ಕೂಡದು. ಹಾಡು ಶುರುವಾಗುವ ಜಾಗದಲ್ಲೇ ಬುಸ್ ಎನ್ನುವ ಹಳೆಯ ಪ್ರತಿಗಳಲ್ಲಿ ಬಹುಪಾಲು ಡಿಜೆಗಳು ಹಾಗೆ ತಿರುಗಿಸಿ ಕೆಡಿಸಿದವು. ಒಂದೇ ಸಿಂಗಲ್ಲನ್ನು ಎರಡು ಕಾರ್ಖಾನೆಯಲ್ಲಿ, ಒಂದು ಕಡೆ ವಿನೈಲಿನಲ್ಲಿ ಇನ್ನೊಂದು ಕಡೆ ಸ್ಟೈರೀನಿನಲ್ಲಿ ಒತ್ತಿಸಿದ್ದೂ ಉಂಟು. ಹಾಗಾಗಿ ಸ್ಟೈರೀನ್ ಎಂದು ಹೆಸರಾದ ಸಿಂಗಲ್ಲು ವಿನೈಲಿನಲ್ಲಿ ಸಿಕ್ಕರೆ, ಆ ಒಂದೇ ಕಾರಣಕ್ಕೆ ನಕಲಿ ಎಂದು ತಳ್ಳಿಹಾಕಬೇಡಿ.