ಮೊದಲು ಬಾಡಿಗೆ ಕೇಳಿದೆ, ಆಮೇಲೆ ಬೆಲೆ

ಆಸ್ತಿಯಲ್ಲಿ ಹಣ ಹೂಡಲು ಹೊರಟಾಗ ನನ್ನ ಬಳಿ ಇದ್ದದ್ದು ತಿಂಗಳ ಸಂಬಳ, ಕೆಲವು ವರ್ಷಗಳ ಉಳಿತಾಯ ಮತ್ತು ಕೇಳದೆಯೇ ಸಲಹೆ ಕೊಡುವ ದೊಡ್ಡ ಬಂಧುಬಳಗ. ಸಲಹೆಗಳೆಲ್ಲ ಒಂದೇ ರಾಗದಲ್ಲಿದ್ದವು: ಭೂಮಿಯ ಬೆಲೆ ಇಳಿಯುವುದೇ ಇಲ್ಲ, ಸಿಕ್ಕಿದ್ದನ್ನು ಕೊಂಡು ಹಾಕು. ಇಳಿದದ್ದುಂಟು. ಜಪಾನಿನಲ್ಲಿ 1991ರ ಸುಮಾರಿಗೆ ತುದಿ ಮುಟ್ಟಿದ ಜಮೀನಿನ ಬೆಲೆ ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಳಿಯುತ್ತಲೇ ಹೋಯಿತು. ಅಮೆರಿಕದಲ್ಲಿ 2006ರಲ್ಲಿ ಉತ್ತುಂಗದಲ್ಲಿದ್ದ ಮನೆಗಳ ಬೆಲೆ ಮುಂದಿನ ಕೆಲವು ವರ್ಷಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಕುಸಿಯಿತು. ಹಾಗಾಗಿ ನಾನು ನನಗೇ ಒಂದು ನಿಯಮ ಹಾಕಿಕೊಂಡೆ. ಕೊಂಡ ಆಸ್ತಿಯ ಬೆಲೆ ಹತ್ತು ವರ್ಷ ಒಂದು ಪೈಸೆಯೂ ಏರುವುದಿಲ್ಲ ಎಂದೇ ಲೆಕ್ಕ ಹಾಕುವುದು. ಆಗಲೂ ಕೈ ಕಚ್ಚದಿದ್ದರೆ ಮಾತ್ರ ಮುಂದುವರಿಯುವುದು.

ಈ ನಿಯಮ ಒಪ್ಪಿಕೊಂಡ ಕೂಡಲೇ ಖಾಲಿ ನಿವೇಶನಗಳು ಪಟ್ಟಿಯಿಂದ ಬಿದ್ದುಹೋದವು. ಖಾಲಿ ಜಾಗ ತಿಂಗಳು ತಿಂಗಳು ಏನನ್ನೂ ಕೊಡುವುದಿಲ್ಲ. ಅದರ ಲಾಭವೆಲ್ಲ ಮುಂದೊಂದು ದಿನ ಹೆಚ್ಚು ಕೊಡುವವನು ಸಿಗುತ್ತಾನೆಂಬ ನಂಬಿಕೆಯ ಮೇಲೆ ನಿಂತಿರುತ್ತದೆ. ಅದರಲ್ಲಿ ದುಡ್ಡು ಮಾಡಿದವರಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕೆ ಬೇಕಾದ ತಾಳ್ಮೆ, ಊರು ಯಾವ ದಿಕ್ಕಿಗೆ ಬೆಳೆಯುತ್ತದೆಂಬ ಅಂದಾಜು, ಬೇಲಿ ಕಾಯುವ ಪುರುಸೊತ್ತು ಎಲ್ಲವೂ ಹೊಸಬನಿಗೆ ಭಾರ. ಉಳಿದದ್ದು ಬಾಡಿಗೆ ಬರುವ ಸಣ್ಣ ಮನೆ.

ಎಲ್ಲರೂ ಬೆಲೆ ಕೇಳಿಕೊಂಡು ಓಡಾಡುತ್ತಾರೆ. ನಾನು ಮೊದಲು ಬಾಡಿಗೆ ಕೇಳಿಕೊಂಡು ಓಡಾಡಿದೆ, ಅದೂ ಕೊಳ್ಳುವವನಾಗಿ ಅಲ್ಲ, ಬಾಡಿಗೆಗೆ ಮನೆ ಹುಡುಕುವವನಾಗಿ. ಕೊಳ್ಳಲು ಬಂದವನಿಗೆ ದಲ್ಲಾಳಿ ಹೇಳುವ ಬಾಡಿಗೆ ಒಂದು, ಇರಲು ಬಂದವನಿಗೆ ಹೇಳುವುದು ಇನ್ನೊಂದು. ಎರಡನೆಯದೇ ನಿಜವಾದದ್ದು, ಏಕೆಂದರೆ ಅಲ್ಲಿ ಚೌಕಾಸಿಗೆ ಅವಕಾಶವಿದೆ. ಒಂದೇ ಬಡಾವಣೆಯ ಕೆಲವು ಬೀದಿಗಳನ್ನು ಆರಿಸಿಕೊಂಡು, ಎಷ್ಟು ಕೋಣೆಯ ಮನೆ, ಎಷ್ಟನೆಯ ಮಹಡಿ, ಕೇಳಿದ ಬಾಡಿಗೆ ಎಷ್ಟು, ಕೊನೆಗೆ ಕುದುರಿದ್ದು ಎಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹೋದೆ. ‘ಮನೆ ಬಾಡಿಗೆಗಿದೆ’ ಎಂಬ ಫಲಕ ಎಷ್ಟು ಕಾಲ ತೂಗುತ್ತಿರುತ್ತದೆ ಎಂಬುದನ್ನೂ ಗುರುತು ಹಾಕಿಕೊಂಡೆ. ಒಂದು ಬೀದಿಯಲ್ಲಿ ಎರಡು ಕೋಣೆಯ ಮನೆಗಳ ಫಲಕ ವಾರ ತುಂಬುವುದರೊಳಗೆ ಕೆಳಗಿಳಿಯುತ್ತಿತ್ತು. ಅಲ್ಲೇ ಪಕ್ಕದ ಬೀದಿಯ ಹೊಸ ಕಟ್ಟಡದಲ್ಲಿ ನಾಲ್ಕು ಕೋಣೆಯ ಭಾರಿ ಮನೆಯೊಂದರ ಫಲಕ ಬಿಸಿಲಿಗೆ ಬಣ್ಣಗೆಟ್ಟಿತ್ತು. ದಲ್ಲಾಳಿ ನನಗೆ ಉತ್ಸಾಹದಿಂದ ತೋರಿಸಿದ್ದು ಈ ಎರಡನೆಯ ಕಟ್ಟಡವನ್ನೇ.

ಲೆಕ್ಕ ಮಾಡುವಾಗ ಮೊತ್ತಗಳ ಸೊನ್ನೆಗಳು ತಲೆ ತಿರುಗಿಸುತ್ತವೆ. ಅದಕ್ಕೆ ನಾನು ಎಲ್ಲವನ್ನೂ ನೂರಕ್ಕೆ ಇಳಿಸಿಕೊಂಡೆ. 100 ಎಂದರೆ ಮನೆಯ ಬೆಲೆ ಅಷ್ಟೇ ಅಲ್ಲ. ಮುದ್ರಾಂಕ ಶುಲ್ಕ, ನೋಂದಣಿ, ವಕೀಲರ ಸಂಭಾವನೆ, ದಲ್ಲಾಳಿ ಕಮಿಷನ್, ಕೊಂಡ ಕೂಡಲೇ ಆಗುವ ದುರಸ್ತಿ ಎಲ್ಲ ಸೇರಿ ಖರ್ಚಾಗುವ ಒಟ್ಟು ಮೊತ್ತ. ನಾನು ಕೊಂಡ ಮನೆಯ ವರ್ಷದ ಬಾಡಿಗೆ ಈ ಲೆಕ್ಕದಲ್ಲಿ 6.5. ಜಾಹೀರಾತಿನಲ್ಲಿ ಹೊಳೆಯುವ ಸಂಖ್ಯೆ ಅದೇ. ಅದರಲ್ಲಿ ವರ್ಷಕ್ಕೊಂದು ತಿಂಗಳು ಮನೆ ಖಾಲಿ ಬೀಳುತ್ತದೆಂದು 0.54 ಕಳೆದೆ. ಆಸ್ತಿ ತೆರಿಗೆ, ಕಟ್ಟಡದ ನಿರ್ವಹಣಾ ಶುಲ್ಕ, ವಿಮೆಗೆ 0.66. ನಲ್ಲಿ, ಪೈಪು, ಬಣ್ಣ, ಐದಾರು ವರ್ಷಕ್ಕೊಮ್ಮೆ ಬರುವ ದೊಡ್ಡ ಖರ್ಚಿಗೆಂದು ತೆಗೆದಿಡುವುದು 0.4. ನಿವ್ವಳ ಉಳಿದದ್ದು 4.9. ಮೊದಲ ಸಂಖ್ಯೆಗೂ ಕೊನೆಯ ಸಂಖ್ಯೆಗೂ ನಡುವೆ ಸುಮಾರು ಕಾಲು ಭಾಗ ಸೋರಿಹೋಯಿತು, ಆದಾಯ ತೆರಿಗೆಯನ್ನು ಇನ್ನೂ ಮುಟ್ಟಿಯೇ ಇಲ್ಲ. ಅದು ಒಬ್ಬೊಬ್ಬರಿಗೆ ಒಂದೊಂದು ಥರ, ಆದ್ದರಿಂದ ಬೇರೆಯಾಗಿಯೇ ನೋಡಬೇಕು.

ಇನ್ನು ಸಾಲ. ಬಡ್ಡಿ ಶೇ. 8, ಅವಧಿ 20 ವರ್ಷ. ಬ್ಯಾಂಕಿನವರು ನನ್ನ ಆದಾಯ ನೋಡಿ ಈ 100ರಲ್ಲಿ 80ರಷ್ಟು ಕೊಡಲು ಸಿದ್ಧರಿದ್ದರು. ಕೊಡುತ್ತಾರೆಂದು ತೆಗೆದುಕೊಳ್ಳಬೇಕೇ? 80 ಸಾಲ ಮಾಡಿದರೆ ವರ್ಷದ ಕಂತು ಸುಮಾರು 8. ಬಾಡಿಗೆಯ ನಿವ್ವಳ 4.9. ಉಳಿದ 3.1ನ್ನು ವರ್ಷ ವರ್ಷವೂ ಸಂಬಳದಿಂದ ತುಂಬಬೇಕು. 60 ಸಾಲ ಮಾಡಿದರೆ ಕಂತು ಸುಮಾರು 6, ತುಂಬಬೇಕಾದದ್ದು 1.1 ಮಾತ್ರ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು. 60ರ ಮೇಲಿನ ಮೊದಲ ವರ್ಷದ ಬಡ್ಡಿ ಸುಮಾರು 4.75. ಅಂದರೆ ಬಾಡಿಗೆಯೇ ಬಡ್ಡಿಯನ್ನು ಪೂರ್ತಿ ಕಟ್ಟುತ್ತದೆ. ನನ್ನ ಜೇಬಿನಿಂದ ಹೋಗುವುದೆಲ್ಲ ಅಸಲಿಗೆ ಜಮೆಯಾಗುತ್ತದೆ. ಈ ಒಂದು ಸಾಲಿನ ಲೆಕ್ಕ ತಾಳೆಯಾದ ಮೇಲೆ ನನಗೆ ನಿದ್ದೆ ಸರಿಯಾಗಿ ಬಂತು. 40 ಕೂಡುವವರೆಗೆ ಕಾದೆ. ಕಾಯುವಾಗ ಬೆಲೆ ಏರಿಬಿಟ್ಟರೆ ಎಂದು ಹೆದರಿಸಿದವರಿಗೆ ಲೆಕ್ಕವಿಲ್ಲ. ಬಾಡಿಗೆ ಏರದೆ ಬೆಲೆ ಮಾತ್ರ ಏರಿದ್ದರೆ ನಾನು ಹೇಗೂ ಕೊಳ್ಳುತ್ತಿರಲಿಲ್ಲ.

ಕಂತಿನ ಪಟ್ಟಿಯನ್ನು ಒಮ್ಮೆಯಾದರೂ ಕೊನೆಯ ಸಾಲಿನವರೆಗೆ ಓದಬೇಕು. ಮೊದಲ ಕಂತಿನಲ್ಲಿ ಶೇ. 80ರಷ್ಟು ಬಡ್ಡಿಯೇ. 20 ವರ್ಷದ ಸಾಲದಲ್ಲಿ ಹತ್ತು ವರ್ಷ ತಪ್ಪದೆ ಕಟ್ಟಿದ ಮೇಲೂ ಅಸಲಿನ ಶೇ. 69 ಹಾಗೆಯೇ ಕೂತಿರುತ್ತದೆ. ಅಸಲು ಅರ್ಧಕ್ಕೆ ಇಳಿಯಲು ಹದಿಮೂರೂವರೆ ವರ್ಷ ದಾಟಬೇಕು. ಕೊನೆಗೆ ಕಟ್ಟಿದ ಒಟ್ಟು ಮೊತ್ತ ಪಡೆದ ಸಾಲದ ಎರಡರಷ್ಟು. ಬಡ್ಡಿ ಶೇ. 10ಕ್ಕೆ ಏರಿದರೆ ಏನಾಗುತ್ತದೆಂದೂ ನೋಡಿದೆ: 6 ಇದ್ದ ವರ್ಷದ ಕಂತು 7ರ ಹತ್ತಿರ ಹೋಗುತ್ತದೆ. ಅದನ್ನೂ ಹೊರಬಲ್ಲೆ ಎಂದು ಖಚಿತವಾದ ಮೇಲೆಯೇ ಬ್ಯಾಂಕಿನ ಅರ್ಜಿಗೆ ಸಹಿ ಹಾಕಿದ್ದು.

ಸಾಲದಿಂದ ಲಾಭ ಹಿಗ್ಗುತ್ತದೆ ಎಂಬ ಮಾತು ಸುಳ್ಳಲ್ಲ. 20 ಸ್ವಂತದ್ದು, 80 ಸಾಲವಾದರೆ, ಬೆಲೆ ಶೇ. 10 ಏರಿದಾಗ ನಮ್ಮ 20ರ ಮೇಲೆ 10 ಬಂತು, ಬಡ್ಡಿ ಬಿಟ್ಟು ನೋಡಿದರೆ ಅರ್ಧಕ್ಕರ್ಧ ಲಾಭ. ಆದರೆ ಅದೇ ಬೆಲೆ ಶೇ. 20 ಇಳಿದರೆ ನಮ್ಮ 20 ಪೂರ್ತಿ ಹೋಯಿತು, ಸಾಲ ಮಾತ್ರ ಉಳಿಯಿತು. ಹಿಗ್ಗುವ ಕಥೆ ಹೇಳುವವರು ಕುಗ್ಗುವ ಕಥೆ ಹೇಳುವುದಿಲ್ಲ, ಅಷ್ಟೇ.

ಮನೆ ನೋಡುವ ಕೆಲಸಕ್ಕೆ ಬರುತ್ತೇನೆ. ಮನೆಯನ್ನು ಹಗಲು ಒಮ್ಮೆ, ರಾತ್ರಿ ಒಮ್ಮೆ, ಜೋರು ಮಳೆಯ ಮರುದಿನ ಒಮ್ಮೆ ನೋಡುವುದು ನನ್ನ ಪದ್ಧತಿ. ಹಗಲು ಬೆಳಕು ತಿಳಿಯುತ್ತದೆ, ರಾತ್ರಿ ಸದ್ದು ಮತ್ತು ವಾಹನ ನಿಲ್ಲಿಸುವ ಜಗಳ ತಿಳಿಯುತ್ತದೆ, ಮಳೆಯ ಮರುದಿನ ಕಟ್ಟಡವೇ ಬಾಯಿಬಿಡುತ್ತದೆ. ಹಾಗೆ ನೋಡಿದ ಒಂದು ಮನೆಯಲ್ಲಿ ಮಲಗುವ ಕೋಣೆಯ ಮೂರು ಗೋಡೆಗಳ ಬಣ್ಣ ಹಳತಾಗಿ ಮಾಸಿತ್ತು, ನಾಲ್ಕನೆಯದು ಮಾತ್ರ ಹಾಲಿನಂತೆ ಬೆಳ್ಳಗಿತ್ತು. ಅದಕ್ಕೆ ಒತ್ತಿಕೊಂಡಂತೆ ದೊಡ್ಡ ಬೀರು. ಕೋಣೆಯ ಅಳತೆ ತೆಗೆಯಬೇಕು, ಬೀರುವನ್ನು ಸ್ವಲ್ಪ ಸರಿಸೋಣವೇ ಎಂದೆ. ಮನೆಯೊಡೆಯರು “ಬಹಳ ಭಾರ ಇದೆ, ಬಿಡಿ, ಅಳತೆ ನಾನೇ ಹೇಳುತ್ತೇನೆ” ಎಂದರು. ಆಚೆ ಬದಿಯಲ್ಲಿ ಸ್ನಾನದ ಮನೆಯಿತ್ತು. ಅಲ್ಲಿಗೆ ಹೋಗಿ ನಾಣ್ಯದಿಂದ ಟೈಲ್ಸುಗಳನ್ನು ಒಂದೊಂದಾಗಿ ತಟ್ಟಿದೆ. ಷವರಿನ ಕೆಳಗಿನ ಸಾಲು ಟೊಳ್ಳು ಸದ್ದು ಮಾಡಿತು. ಟೈಲ್ಸಿನ ಹಿಂದೆ ಗಾರೆಯ ಹಿಡಿತ ಸಡಿಲಾಗಿದೆ, ನೀರು ಗೋಡೆಗೆ ಇಳಿಯುತ್ತಿರಬಹುದು ಎಂಬುದರ ಗುರುತು ಅದು. ಎಲ್ಲ ನಲ್ಲಿಗಳನ್ನು ಒಟ್ಟಿಗೆ ತಿರುಗಿಸಿ ನೀರಿನ ಒತ್ತಡ ನೋಡುವುದು, ವಿದ್ಯುತ್ ಮೀಟರಿನ ಪೆಟ್ಟಿಗೆ ತೆರೆದು ಸುಟ್ಟ ಕಲೆಗಳಿವೆಯೇ ನೋಡುವುದು, ಪಾಯದ ಬಳಿ ಬಿರುಕು ಕೂದಲೆಳೆಯಷ್ಟಿದೆಯೋ ನಾಣ್ಯ ತೂರುವಷ್ಟಿದೆಯೋ ನೋಡುವುದು, ಇವಕ್ಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ. ಕೊನೆಯ ಹಂತದಲ್ಲಿ ಮಾತ್ರ ಒಬ್ಬ ಸಿವಿಲ್ ಎಂಜಿನಿಯರ್‌ಗೆ ಶುಲ್ಕ ಕೊಟ್ಟು ಕರೆದುಕೊಂಡು ಹೋದೆ.

ಅಳತೆಯ ಟೇಪು ಯಾವಾಗಲೂ ಜೇಬಿನಲ್ಲಿರುತ್ತಿತ್ತು. ಮಾರುವವರು ಹೇಳುವ ವಿಸ್ತೀರ್ಣದಲ್ಲಿ ಗೋಡೆಯ ದಪ್ಪ, ಮೆಟ್ಟಿಲು, ಲಿಫ್ಟು, ಪಡಸಾಲೆಯ ಪಾಲು ಎಲ್ಲ ಸೇರಿರುತ್ತವೆ. ಬಾಡಿಗೆದಾರ ಹಣ ಕೊಡುವುದು ತಾನು ಓಡಾಡುವ ಜಾಗಕ್ಕೆ. ಅದಕ್ಕೇ ಗೋಡೆಯಿಂದ ಗೋಡೆಗೆ ಅಳೆದ ಕಾರ್ಪೆಟ್ ಏರಿಯಾದಿಂದಲೇ ಬೆಲೆಯನ್ನು ಭಾಗಿಸಿ, ಮನೆಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿದೆ. ಕಟ್ಟಡ ಹಳತಾಗುತ್ತಾ ಸವೆಯುತ್ತದೆ, ಬೆಲೆ ಉಳಿಸಿಕೊಳ್ಳುವುದು ಅದರ ಕೆಳಗಿನ ನೆಲ. ಆದ್ದರಿಂದ ಅಪಾರ್ಟ್‌ಮೆಂಟಿನಲ್ಲಿ ಮನೆಗೆ ಬರುವ ಭೂಮಿಯ ಅವಿಭಜಿತ ಪಾಲು ಎಷ್ಟೆಂದು ಕ್ರಯಪತ್ರದಲ್ಲಿ ಹುಡುಕಿ ಓದಿಕೊಂಡೆ.

ಕಾಗದಪತ್ರಗಳ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ವಕೀಲರ ಒಂದು ಮಾತು. “ನೋಂದಣಿಯಾಗಿದೆ ಎಂದರೆ ಈ ಪತ್ರ ನೋಂದಣಿಯಾಗಿದೆ ಎಂದಷ್ಟೇ ಅರ್ಥ. ಮಾರಿದವರಿಗೆ ಮಾರುವ ಹಕ್ಕಿತ್ತೇ ಎಂಬುದನ್ನು ಅದು ಹೇಳುವುದಿಲ್ಲ” ಎಂದರು. ಎಲ್ಲ ಕಡೆಯೂ ಹೀಗಿಲ್ಲ. ದಕ್ಷಿಣ ಆಸ್ಟ್ರೇಲಿಯದಲ್ಲಿ 1858ರಲ್ಲಿ ರಾಬರ್ಟ್ ಟಾರೆನ್ಸ್ ತಂದ ಪದ್ಧತಿಯಲ್ಲಿ ಸರ್ಕಾರದ ದಾಖಲೆಯಲ್ಲಿ ಹೆಸರಿದ್ದವರೇ ಮಾಲೀಕರು, ಆ ಹಕ್ಕಿಗೆ ಸರ್ಕಾರವೇ ಹೊಣೆ. ಅದು ಆಮೇಲೆ ಅನೇಕ ದೇಶಗಳಿಗೆ ಹರಡಿತು. ಪತ್ರವನ್ನಷ್ಟೇ ನೋಂದಾಯಿಸುವ ಕಡೆ ಕೊಳ್ಳುವವರೇ ಹಿಂದಕ್ಕೆ ನಡೆಯಬೇಕು: ಈಗಿನ ಮಾಲೀಕರಿಗೆ ಯಾರಿಂದ ಬಂತು, ಅವರಿಗೆ ಯಾರಿಂದ, ನಡುವೆ ಪಾಲುದಾರರೆಲ್ಲ ಸಹಿ ಹಾಕಿದ್ದಾರೆಯೇ, ಅಡಮಾನ ತೀರಿದೆಯೇ. ನನ್ನ ಎರಡನೆಯ ಆಯ್ಕೆಯ ಮನೆ ಬಿದ್ದದ್ದು ಇಲ್ಲೇ. ಅಣ್ಣತಮ್ಮಂದಿರ ವಿಭಾಗಪತ್ರದಲ್ಲಿ ಒಬ್ಬ ಸೋದರಿಯ ಹೆಸರಿತ್ತು, ಸಹಿ ಇರಲಿಲ್ಲ. “ಅವರದೇನೂ ತಕರಾರಿಲ್ಲ” ಎಂದರು ಮಾರುವವರು. ತಕರಾರಿಲ್ಲದಿದ್ದರೆ ಒಂದು ಸಹಿಗೆ ಅಷ್ಟು ಹೊತ್ತೇಕೆ? ಮುಂಗಡ ಕೊಡುವ ಮೊದಲೇ ಕಾಗದ ಓದಿಸಿದ್ದರಿಂದ ವಕೀಲರ ಶುಲ್ಕವೊಂದೇ ಖರ್ಚಾಯಿತು.

ಚೌಕಾಸಿಯಲ್ಲಿ ನನಗೆ ಅಂಥ ಜಾಣತನವೇನಿಲ್ಲ. ಬಾಡಿಗೆಯ ನೋಟ್‌ಬುಕ್ಕಿನಿಂದ ಹಿಮ್ಮುಖವಾಗಿ ಲೆಕ್ಕ ಹಾಕಿ, ಇಷ್ಟಕ್ಕಿಂತ ಮೇಲೆ ಹೋಗುವುದಿಲ್ಲ ಎಂಬ ಒಂದು ಮೊತ್ತ ಬರೆದಿಟ್ಟುಕೊಂಡಿದ್ದೆ. ಒಪ್ಪದವರಿಗೆ ನಮಸ್ಕಾರ ಹೇಳಿ ಬಂದೆ. ಕೊನೆಗೆ ಕೊಂಡದ್ದು ಯಾರೂ ತಿರುಗಿ ನೋಡದಂಥ, ಎರಡು ಕೋಣೆಯ ಹಳೆಯ ಮನೆ. ಫಲಕ ಬೇಗ ಇಳಿಯುತ್ತಿದ್ದ ಆ ಬೀದಿಯಲ್ಲೇ.

ಬಾಡಿಗೆದಾರರನ್ನು ಆರಿಸುವಾಗ ಹಿಂದಿನ ಮನೆಯೊಡೆಯರೊಂದಿಗೆ ಮಾತಾಡುವುದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಈಗಿನ ಮನೆಯೊಡೆಯರು ಹೊಗಳಿದರೆ ಪೂರ್ತಿ ನಂಬುವುದಿಲ್ಲ, ಕಳುಹಿಸಿಬಿಡುವ ಆತುರವೂ ಇರಬಹುದು. ಅದಕ್ಕೂ ಹಿಂದಿನವರನ್ನು ಕೇಳುತ್ತೇನೆ. ಮನೆ ಕೊಡುವ ದಿನ ಗೋಡೆ, ನಲ್ಲಿ, ಕಿಟಕಿಗಳ ಫೋಟೊ ತೆಗೆದು ಕರಾರಿನೊಂದಿಗೆ ಸೇರಿಸುತ್ತೇನೆ. ಬಾಡಿಗೆಯನ್ನು ಮಾರುಕಟ್ಟೆಗಿಂತ ಒಂದಿಷ್ಟು ಕಡಿಮೆಯೇ ಇಟ್ಟಿದ್ದೇನೆ. ಒಂದು ತಿಂಗಳು ಖಾಲಿ ಬಿದ್ದರೆ ವರ್ಷದ ಬಾಡಿಗೆಯಲ್ಲಿ ಶೇ. 8ಕ್ಕೂ ಹೆಚ್ಚು ಹೋಯಿತು. ಅದರ ಮುಂದೆ ಶೇ. 3 ಬಿಟ್ಟುಕೊಡುವುದು ದೊಡ್ಡದಲ್ಲ. ನಲ್ಲಿ ಸೋರಿದರೆ ಅಂದೇ ಪ್ಲಂಬರ್ ಹೋಗುತ್ತಾರೆ. ಆರು ತಿಂಗಳ ಕಂತಿನಷ್ಟು ಹಣ ಬೇರೆ ಖಾತೆಯಲ್ಲಿದೆ, ಅದನ್ನು ಮುಟ್ಟುವುದಿಲ್ಲ.

ಇಷ್ಟೆಲ್ಲ ತಾಪತ್ರಯ ಬೇಡವೆನ್ನುವವರಿಗೆ ರೀಟ್‌ಗಳಿವೆ. ಹಲವರ ಹಣ ಕೂಡಿಸಿ ಕಟ್ಟಡಗಳನ್ನು ಕೊಂಡು, ಬಾಡಿಗೆಯನ್ನು ಹಂಚುವ ಸಂಸ್ಥೆಗಳು ಇವು. ಅಮೆರಿಕದಲ್ಲಿ 1960ರ ಕಾನೂನಿನಿಂದ ಶುರುವಾದವು. ಅಲ್ಲಿ ಇವು ತೆರಿಗೆಗೆ ಒಳಪಡುವ ಆದಾಯದಲ್ಲಿ ಕನಿಷ್ಠ ಶೇ. 90ನ್ನು ಹೂಡಿಕೆದಾರರಿಗೆ ಹಂಚಬೇಕು. ಷೇರಿನಂತೆ ಕೊಳ್ಳಬಹುದು, ಬೇಕಾದಾಗ ಮಾರಬಹುದು, ಸೋರುವ ನಲ್ಲಿಯ ಚಿಂತೆಯಿಲ್ಲ. ಆದರೆ ಬೆಲೆ ದಿನವೂ ಏರಿಳಿಯುವುದನ್ನು ನೋಡುವ ಗಟ್ಟಿ ಮನಸ್ಸು ಬೇಕು. 40 ಕೂಡುವವರೆಗೆ ನನ್ನ ಉಳಿತಾಯದ ಒಂದು ಸಣ್ಣ ಪಾಲು ಅಲ್ಲೇ ಇತ್ತು.

ಈಗ ವರ್ಷಕ್ಕೊಂದು ಹೆಚ್ಚುವರಿ ಕಂತನ್ನು ನೇರವಾಗಿ ಅಸಲಿಗೆ ಕಟ್ಟುತ್ತಿದ್ದೇನೆ. ಹಾಗೆ ಮಾಡಿದರೆ ಇಂಥ ಸಾಲ ಸುಮಾರು ಮೂರು ವರ್ಷ ಮೊದಲೇ ತೀರುತ್ತದೆ. ಬಾಡಿಗೆಯ ನಿವ್ವಳವೊಂದೇ ಇಡೀ ಕಂತನ್ನು ಕಟ್ಟುವ ಹಂತ ಮುಟ್ಟುವವರೆಗೆ ಎರಡನೆಯ ಮನೆಯ ಮಾತಿಲ್ಲ. ದಲ್ಲಾಳಿ ಆಗಾಗ ಫೋನ್ ಮಾಡುತ್ತಾರೆ. ಬೆಲೆ ಹೇಳುವ ಮುನ್ನ ಬಾಡಿಗೆ ಎಷ್ಟೆಂದು ಕೇಳುತ್ತೇನೆ, ಅವರು ವಿಚಾರಿಸಿ ಹೇಳುತ್ತೇನೆ ಎನ್ನುತ್ತಾರೆ.